ಆ ರೋಗಕ್ಕೆ ಲಸಿಕೆ ಇಲ್ಲ ಎಂದವಳು ನಾನೇ

ವನಜಾ, ನಿನ್ನ ಮೈಯಲ್ಲಿ ರೋಗವಿಲ್ಲ ಎಂಬುದು ನನಗೆ ಗೊತ್ತಿತ್ತು. ಅಂದೇ ಗೊತ್ತಿತ್ತು. ನಿನ್ನ ಅಪ್ಪ, ನಿನ್ನ ಗಂಡ, ನಮ್ಮವ್ವ — ಮೂವರೂ ನನ್ನ ಬಾಯನ್ನೇ ನೋಡುತ್ತ ಕೂತಿದ್ದಾಗ, ಗೊತ್ತಿದ್ದೂ, ಬೇಕೆಂದೇ, ನಿನಗೆ ಎಚ್‌ಐವಿ ಇದೆಯೆಂದು ಅವರು ನಂಬುವಂತೆ ಮಾಡಿದೆ. ಬಾಯಿತಪ್ಪಿ ಬಂದ ಮಾತಲ್ಲ ಅದು. ಆ ಮಾತಿನಿಂದ ಏನಾಗುತ್ತದೆ ಎಂಬುದೂ ನನಗೆ ಗೊತ್ತಿತ್ತು.

ಇನ್ನೊಂದನ್ನೂ ಈಗಲೇ ಹೇಳಿಬಿಡುತ್ತೇನೆ — ನಿನ್ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ. ತಪ್ಪು ಒಪ್ಪಿಕೊಳ್ಳುವವರು ಮೆತ್ತಗಿರಬೇಕು, ಕಣ್ಣಲ್ಲಿ ನೀರು ತುಂಬಿಕೊಂಡಿರಬೇಕು ಎಂದು ಜನ ಬಯಸುತ್ತಾರೆ. ಆ ನಾಟಕ ನನಗೆ ಬರುವುದಿಲ್ಲ. ನಿನ್ನ ಮೇಲೆ ಈಗ ಏಕಾಏಕಿ ಅಕ್ಕರೆ ಹುಟ್ಟಿದೆಯೆಂದು ಇದನ್ನು ಬರೆಯುತ್ತಿಲ್ಲ. ಸುಳ್ಳು ಹೇಳಿದೆ, ಆ ಸುಳ್ಳು ಇನ್ನೂ ಮನೆಮನೆಯಲ್ಲಿ ಬದುಕಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಇದನ್ನು ಓದುವ ಬೇರೆಯವರಿಗಾಗಿ ನಾನು ಯಾರೆಂದು ಹೇಳಬೇಕು. ನಾನು ಶಕುಂತಲಾ. ದಾವಣಗೆರೆಯ ವಿದ್ಯಾನಗರದಲ್ಲಿ ಮನೆ, ಅಲ್ಲೇ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುವ ಕೆಲಸ. ತವರು ಹರಿಹರ. ಅಪ್ಪ ಬೇಗ ತೀರಿಕೊಂಡರು. ತಮ್ಮ ಮಂಜುನಾಥನನ್ನು ನಾನೇ ಎತ್ತಿ ಆಡಿಸಿದೆ, ನಾನೇ ಓದಿಸಿದೆ, ಬೇಕಾದಾಗ ಕಪಾಳಕ್ಕೂ ಬಿಗಿದೆ. ನಮ್ಮ ಮನೆಯಲ್ಲಿ ಒಂದು ರೂಢಿ ಬೆಳೆದಿತ್ತು — ಮೈಗೆ ಸಂಬಂಧಿಸಿದ ಯಾವ ಮಾತೇ ಇರಲಿ, ಕೊನೆಯ ಮಾತು ನನ್ನದು. ಡಾಕ್ಟರು ಗುಳಿಗೆ ಬರೆದುಕೊಟ್ಟ ಮೇಲೂ ಅವ್ವ ಫೋನು ಮಾಡುತ್ತಿದ್ದಳು: "ಶಕುಂತ್ಲಾ, ಇದನ್ನ ತಗಳ್ಳಾ, ಬ್ಯಾಡಾ?" ಕುಕ್ಕುವಾಡದ ಚಿಕ್ಕಮ್ಮನ ಮನೆಯವರು ಮಗುವಿಗೆ ಜ್ವರ ಬಂದರೂ ಮೊದಲು ನನ್ನನ್ನು ಕೇಳಿ, ಆಮೇಲೆ ಆಸ್ಪತ್ರೆಗೆ ಹೋಗುತ್ತಿದ್ದರು. ನಾನು ಡಾಕ್ಟರಲ್ಲ, ಪಾಠ ಹೇಳುವವಳು — ಒಂದು ದಿನವಾದರೂ ಅವರಿಗೆ ಹಾಗೆ ಹೇಳಿದೆನೇ? ಇಲ್ಲ. ನನಗೆ ಅದು ರುಚಿಸುತ್ತಿತ್ತು.

ಆಮೇಲೆ ನೀನು ಬಂದೆ. ಸಾರಥಿ ಹಳ್ಳಿಯ ಬಸಣ್ಣನ ಮಗಳು, ನರ್ಸಿಂಗ್ ಓದಿ ಪುಣೆಯ ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿದು ಬಂದವಳು. ಮಂಜು ನಿನ್ನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದ. ಆಗಲಿ ಎಂದೆ. ಆದರೆ ನೀನು ಬಂದ ಮೇಲೆ ನಮ್ಮ ಮನೆಯ ಗಾಳಿಯೇ ಬದಲಾಯಿತು. ನೀನು ಜೋರಾಗಿ ನಗುತ್ತಿದ್ದೆ. ಅವ್ವನ ಸಕ್ಕರೆ ಕಾಯಿಲೆ ನೀನೇ ನೋಡುತ್ತಿದ್ದೆ, ಊಟದ ತಟ್ಟೆಯಲ್ಲಿ ಎಷ್ಟು ಅನ್ನವೆಂದು ನೀನೇ ಹೇಳುತ್ತಿದ್ದೆ. ಒಂದು ಸಲ ನಾನು ಅವ್ವನಿಗೆ ಏನೋ ಪಥ್ಯ ಹೇಳಿದಾಗ, ನನ್ನೆದುರೇ ನೀನು, "ಅಯ್ಯ, ಅಕ್ಕಾರೇ, ಅದೆಲ್ಲ ಹಳೇದಾತು ಬಿಡ್ರಿ" ಎಂದು ನಕ್ಕೆ. ಮಂಜುವೂ ನಕ್ಕ. ನನ್ನ ಮೈಯೆಲ್ಲ ಉರಿದುಹೋಯಿತು. ಆಮೇಲೆ ಅವ್ವನ ಫೋನು ಕಡಿಮೆಯಾಯಿತು. ನಾನೇ ಫೋನು ಮಾಡಿ ಏನಾದರೂ ಹೇಳಿದರೆ, "ತಡಿ, ವನಜನ್ನ ಕೇಳ್ತೀನಿ" ಎನ್ನುತ್ತಿದ್ದಳು — ನನ್ನ ಹೆತ್ತವ್ವ!

ಇಷ್ಟೇ. ಇಷ್ಟು ಸಣ್ಣದು. ದೊಡ್ಡ ಕಾರಣ ಬೇರೇನಾದರೂ ಇರಬೇಕೆಂದು ಹುಡುಕಬೇಡ, ನಾನೂ ಹುಡುಕಿ ನೋಡಿದ್ದೇನೆ — ಇಲ್ಲ.

ಮದುವೆಯಾಗಿ ಸ್ವಲ್ಪ ಕಾಲವಾಗಿತ್ತು. ಒಂದು ಮಧ್ಯಾಹ್ನ ನೀನು ವಿದ್ಯಾನಗರದ ನನ್ನ ಮನೆಗೆ ಒಬ್ಬಳೇ ಬಂದೆ. ಪುಣೆಯಲ್ಲಿದ್ದಾಗ ಒಂದು ಲಸಿಕೆಯ ಪ್ರಯೋಗಕ್ಕೆ ನೀನಾಗಿಯೇ ಹೆಸರು ಕೊಟ್ಟಿದ್ದೆಯೆಂದು ಹೇಳಿದೆ. ಎಚ್‌ಐವಿಗೆ ಲಸಿಕೆ. ನಿನ್ನ ವಾರ್ಡಿನಲ್ಲಿ ಗಂಡನಿಂದ ರೋಗ ಅಂಟಿಸಿಕೊಂಡ ಒಬ್ಬ ಹುಡುಗಿ ಇದ್ದಳಂತೆ, ತವರಿನವರು ಬಾಗಿಲ ತನಕ ಬಂದು ಒಳಗೆ ಕಾಲಿಡದೆ ಹೋದರಂತೆ. ಅವಳ ಹೆಣ ಒಯ್ಯಲು ಯಾರೂ ಬರದಿದ್ದ ವಾರವೇ ನೀನು ಹೆಸರು ಕೊಟ್ಟೆ.

"ಈ ವೈರಸ್ಸು ವೇಷ ಬದಲ್ಸಾದ್ರಾಗ ಭಾಳ ಚಾಲಾಕು ಅಕ್ಕಾರೇ, ಒಂದು ಸೂಜಿಗೆ ಬಗ್ಗಾದಲ್ಲ. ಅದಕ್ಕ ಈಗ ಬ್ಯಾರೆ ದಾರಿ ಹಿಡ್ದಾರೆ" ಎಂದು ನೀನು ಶುರುಮಾಡಿದೆ. ಅದನ್ನು ನಾನು ಎಷ್ಟು ಚೆನ್ನಾಗಿ ಅರ್ಥಮಾಡಿಕೊಂಡೆ ಎಂಬುದನ್ನು ಇಲ್ಲಿ ಬರೆಯಲೇಬೇಕು. ಯಾಕೆಂದರೆ ನಾನು ಅರಿಯದೆ ಮಾಡಿದೆ ಎಂದು ಯಾರೂ ಹೇಳಬಾರದು. ಮಾಮೂಲಿ ಲಸಿಕೆ ರೋಗಾಣುವಿನ ಗುರುತನ್ನು ಮೈಗೆ ತೋರಿಸಿ, ಇವನು ಬಂದರೆ ಹೊಡಿ ಎನ್ನುತ್ತದೆ. ಈ ವೈರಸ್ಸು ಗುರುತನ್ನೇ ಬದಲಿಸುತ್ತ ಹೋಗುತ್ತದೆ. ಆದರೆ ಅದರ ಹೊರಮೈಯಲ್ಲಿ ಸುಲಭವಾಗಿ ಬದಲಿಸಲಾಗದ ಕೆಲವು ಜಾಗಗಳಿವೆ. ಆ ಜಾಗವನ್ನೇ ಹಿಡಿದು ವೈರಸ್ಸನ್ನು ತಡೆಯುವ ಪ್ರತಿಕಾಯಗಳನ್ನು ತಯಾರಿಸಬಲ್ಲ ಜೀವಕೋಶಗಳು ನಮ್ಮ ರಕ್ತದಲ್ಲಿ ಹುಟ್ಟಿನಿಂದಲೇ ಇರುತ್ತವೆ, ಬಹಳ ವಿರಳ, ಏನೂ ಕಲಿಯದ ಹಸುಳೆಗಳು. ಮೊದಲ ಚುಚ್ಚುಮದ್ದು ಅವುಗಳನ್ನು ಹುಡುಕಿ ಎಬ್ಬಿಸುವುದಕ್ಕೆ ಮಾತ್ರ. ಆಮೇಲಿನವು ಒಂದೊಂದೂ ಸ್ವಲ್ಪ ಬೇರೆ ಆಕಾರದವು, ಹೆಜ್ಜೆಹೆಜ್ಜೆಗೂ ನಿಜವಾದ ವೈರಸ್ಸಿನ ರೂಪಕ್ಕೆ ಹತ್ತಿರವಾಗುತ್ತ ಅವುಗಳನ್ನು ಪಳಗಿಸುತ್ತವೆ. ಮಗುವಿಗೆ ಮೊದಲು ಅ ಆ ತಿದ್ದಿಸಿ, ಆಮೇಲೆ ಒತ್ತಕ್ಷರ ಹೇಳಿಕೊಟ್ಟ ಹಾಗೆ. ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ಸು ಇರುವುದಿಲ್ಲ, ಅದರ ಹೊರಮೈಯನ್ನು ಹೋಲುವ ತುಣುಕು ಮಾತ್ರ. ಅದರಿಂದ ರೋಗ ಬರುವ ಮಾತೇ ಇಲ್ಲ. ಲಸಿಕೆ ಫಲಿಸುತ್ತದೋ ಇಲ್ಲವೋ ಅದು ಬೇರೆ ಪ್ರಶ್ನೆ — ಇನ್ನೂ ಹುಡುಕಾಟವೇ.

"ಒಂದ ತೊಂದ್ರೆ ಐತೆ" ಎಂದೆ ನೀನು. "ಮಾಮೂಲಿ ರಕ್ತಪರೀಕ್ಷೆ ಮಾಡಿದ್ರೆ ನಂಗೆ ಪಾಸಿಟಿವ್ ಅಂತ ಬರಬೋದು. ಆ ಪರೀಕ್ಷೆ ವೈರಸ್ಸನ್ನ ನೋಡಲ್ಲ, ಪ್ರತಿಕಾಯ ನೋಡತೈತೆ ಅಲ್ಲಾ? ವೈರಸ್ಸೇ ಐತೋ ಇಲ್ಲೋ ನೋಡೋ ಪರೀಕ್ಷೆ ಬ್ಯಾರೆ. ಮಂಜುಗೆ ಲಸಿಕೆ ಪ್ರಯೋಗಕ್ಕ ಹೋಗಿದ್ದೆ ಅಂತ ಮದಿವಿಗೆ ಮುಂಚೇನೇ ಹೇಳೀನಿ. ಯಾವ ರೋಗದ್ದು ಅಂತ ಹೇಳಾಕೆ ಬಾಯಿ ಬರ್ಲಿಲ್ಲ. ಹೆಸರು ಕೇಳಿದ್ರ ಗಾಬ್ರಿ ಆಗ್ತಾರೆ. ನೀವು ತಿಳಿಸಿ ಹೇಳಿದ್ರ ಮನ್ಯಾಗ ನಂಬ್ತಾರ್ರಿ."

"ಆಗಲಿ. ಸಮಯ ನೋಡಿ ಹೇಳ್ತೀನಿ" ಎಂದೆ. ನೀನು ಹಗುರಾಗಿ ಎದ್ದುಹೋದೆ. ನಾನು ಪುಸ್ತಕ ನೋಡಿ ಪಾಠ ಹೇಳುವುದನ್ನು ನೀನು ತೋಳಿಗೆ ಚುಚ್ಚಿಸಿಕೊಂಡು ಬಂದಿದ್ದೆ — ಅದೂ ನನ್ನನ್ನು ಕುಟುಕಿತು. ಸಮಯ ನೋಡಲಿಲ್ಲ. ಹೇಳಲೂ ಇಲ್ಲ.

ಆ ವರ್ಷವೇ ನಿನಗೆ ಪಿತ್ತಕೋಶದ ಕಲ್ಲಿನ ನೋವು ಬಂತು. ಆಪರೇಷನ್ನಿಗೆ ಮುಂಚೆ ಎಲ್ಲರಿಗೂ ಮಾಡುವ ರಕ್ತಪರೀಕ್ಷೆ ನಿನಗೂ ಮಾಡಿದರು. ಪಾಸಿಟಿವ್. ನೀನು ಹೆದರಲೇ ಇಲ್ಲ. ಮಂಜುವಿಗೆ ನೀನೇ ನಗುತ್ತ ಹೇಳಿದೆಯಂತೆ — "ಇದು ಆ ಲಸಿಕೆದು. ಅಕ್ಕಾರು ನಿಮಗೆ ಹೇಳಿಲ್ಲಾ?" ಅವನು ನಗಲಿಲ್ಲ. ಅವ್ವನ ಮುಂದೆ ಹೋಗಿ ಅತ್ತ. ಅವ್ವ ಸಾರಥಿಗೆ ಹೇಳಿಕಳಿಸಿ ನಿನ್ನ ಅಪ್ಪನನ್ನು ಕರೆಸಿದಳು, ನನ್ನನ್ನೂ ಕರೆಸಿದಳು. ಮಂಜುವಿನ ರಕ್ತ ಚೊಕ್ಕವಾಗಿತ್ತು. ಅದು ನಿನ್ನ ಪರವಾಗಿ ನಿಲ್ಲಬೇಕಾದ ಮಾತು, ಆದರೆ ನಮ್ಮವ್ವ ಅದನ್ನು "ದೇವ್ರು ನನ್ನ ಮಗನ್ನ ಉಳಿಸ್ದ" ಎಂದು ತಿರುಗಿಸಿಕೊಂಡಳು.

ಹರಿಹರದ ಮನೆಯ ನಡುಮನೆ. ನೀನು ಗೋಡೆಗೆ ಒರಗಿ ನಿಂತಿದ್ದೆ. ನಾನು ಒಳಗೆ ಬಂದ ಕೂಡಲೇ ನಿನ್ನ ಮುಖ ಅರಳಿತು — ಅದನ್ನು ಕಂಡೆ. ಸದ್ಯ, ಬಂದಳಲ್ಲ ಎಂಬಂತೆ. ನಿನ್ನ ಅಪ್ಪ ಎದ್ದು ನಿಂತು ಕೈಮುಗಿದು ಕೇಳಿದರು:

"ಮೇಡಮ್ಮಾರೇ, ನಾವು ಓದಿಲ್ಲ ಬರಿದಿಲ್ಲ. ನೀವು ಹೇಳಿದ್ದ ನಮಗ ಖರೆ. ಈಕಿ ಲಸಿಕೆ ಅಂತಾಳೆ. ಆ ರೋಗಕ್ಕ ಹಂಗೊಂದು ಲಸಿಕೆ ಐತೇನ್ರಿ?"

ನಾನು ಹೇಳಿದೆ: "ಇಲ್ಲ. ಆ ರೋಗಕ್ಕೆ ಲಸಿಕೆ ಅನ್ನೋದು ಜಗತ್ತಿನಾಗೇ ಇಲ್ಲ."

ಆ ವಾಕ್ಯದಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಯಾವ ಪಠ್ಯಪುಸ್ತಕ ತೆಗೆದರೂ ಹಾಗೆಯೇ ಇದೆ. ಲಸಿಕೆ ಇನ್ನೂ ಇಲ್ಲ — ಅದನ್ನು ಹುಡುಕುತ್ತಿರುವವರಿಗೆ ತೋಳು ಒಡ್ಡಿದವಳು ನೀನು. ಈ ಉಳಿದರ್ಧವನ್ನು ನುಂಗಿಕೊಂಡೆ. ಆಮೇಲೆ ಎಷ್ಟೋ ವರ್ಷ, ನಾನು ಹೇಳಿದ್ದು ನಿಜವೇ ತಾನೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ — ಛೀ!

"ಅಕ್ಕಾರೇ... ನಿಮಗ ಎಲ್ಲಾ ಹೇಳಿದ್ನಲ್ರೀ" ಎಂದೆ ನೀನು.

"ನಂಗೇನ್ ಹೇಳಿದ್ದಿ?" ಎಂದೆ. ಇದು ಮಾತ್ರ ಅಪ್ಪಟ ಸುಳ್ಳು.

ನಿನ್ನ ಅಪ್ಪ ತಲೆ ತಗ್ಗಿಸಿದರು. "ಏಳವ್ವ, ನಡಿ" ಎಂದಷ್ಟೇ ಅಂದರು. ನೀನು ಆಗಲೇ ನಿಂತೇ ಇದ್ದೆ. ಅವರಿಗೆ ಅದೂ ಕಾಣಿಸಲಿಲ್ಲ. ನೀನು ಅಳಲಿಲ್ಲ, ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತೋ ಏನೋ. ನೀನು ಚಪ್ಪಲಿ ಮೆಟ್ಟುತ್ತ ನನ್ನನ್ನು ಒಮ್ಮೆ ನೋಡಿದೆ. ನಾನು ಅವ್ವನ ಕಡೆ ತಿರುಗಿ, ಮಾತ್ರೆ ತಗಂಡ್ಯಾ ಎಂದು ಕೇಳಿದೆ.

ಅಲ್ಲಿಗೆ ನಿಲ್ಲಿಸಿದ್ದರೂ... ಇಲ್ಲ, ನಿಲ್ಲಿಸಲಿಲ್ಲ. ನೀನು ಪುಣೆಗೆ ಹೋಗಿ ಆ ಇನ್ನೊಂದು ಪರೀಕ್ಷೆ ಮಾಡಿಸಿಕೊಂಡೆ. ವೈರಸ್ಸು ಇಲ್ಲವೆಂದು ಬಂತು. ಅಲ್ಲಿನ ಡಾಕ್ಟರೇ ಮಂಜುವಿಗೆ ಫೋನು ಮಾಡಿ ಎಲ್ಲ ಬಿಡಿಸಿ ಹೇಳಿದರು. ಅವನು ಮತ್ತೆ ನನ್ನ ಹತ್ತಿರ ಬಂದ. "ಅಕ್ಕಾ, ಹಿಂಗಂತಾರೆ. ನಂಬಬೋದಾ?" ಅವನ ಕಣ್ಣಲ್ಲಿ ಆಸೆ ಇತ್ತು. ನಾನು ಹೂಂ ಎಂದಿದ್ದರೆ ಅವನು ಮುಂದಿನ ಬಸ್ಸಿಗೇ ಪುಣೆಗೆ ಹೋಗುತ್ತಿದ್ದ. "ಪ್ರಯೋಗ ಮಾಡಿದೋರು ಮತ್ತೇನು ಹೇಳ್ತಾರಪ್ಪಾ? ಅವರ ಹೆಸರು ಅವರು ಉಳಿಸ್ಕಬೇಕಲ್ಲ" ಎಂದೆ. ಅವನು ನಂಬಿದ. ನನ್ನನ್ನು ನಂಬುವುದು ಅವನಿಗೆ ಚಿಕ್ಕಂದಿನ ಚಟ.

ನೀವಿಬ್ಬರೂ ಕೋರ್ಟಿನಲ್ಲಿ ಒಪ್ಪಿ ಬೇರೆಯಾದಿರಿ. ಅವನಿಗೆ ಇನ್ನೊಂದು ಮದುವೆಯಾಯಿತು, ಮಗಳಿದ್ದಾಳೆ. ಅವ್ವ ತೀರಿಕೊಂಡಳು, ನಿನ್ನನ್ನು ಬೈಯುತ್ತಲೇ. ಸಾಯುವ ತನಕ ಮತ್ತೆ ನನ್ನನ್ನೇ ಕೇಳಿ ಗುಳಿಗೆ ನುಂಗಿದಳು. ನನಗೆ ಬೇಕಾದದ್ದು ನನಗೆ ಸಿಕ್ಕಿತ್ತು.

ಈ ವರ್ಷ ಕ್ಲಾಸಿನಲ್ಲಿ ರೋಗನಿರೋಧಕ ಶಕ್ತಿಯ ಪಾಠ ನಡೆಯುತ್ತಿತ್ತು. ಪಠ್ಯದಲ್ಲಿಲ್ಲದ್ದನ್ನೂ ಹೇಳುವುದು ನನ್ನ ಹೆಚ್ಚುಗಾರಿಕೆ. ಎಚ್‌ಐವಿ ಲಸಿಕೆಗೆ ಈಗ ಯಾವ ಯಾವ ಹೊಸ ದಾರಿ ಹುಡುಕುತ್ತಿದ್ದಾರೆ, ಆ ಹಸುಳೆ ಕೋಶಗಳನ್ನು ಹೇಗೆ ಎಬ್ಬಿಸುತ್ತಾರೆ, ಹೇಗೆ ಪಳಗಿಸುತ್ತಾರೆ — ನೀನು ನನ್ನ ಮನೆಯಲ್ಲಿ ಕೂತು ಹೇಳಿದ್ದನ್ನೇ ನನ್ನದೆಂಬಂತೆ ಹೇಳುತ್ತಿದ್ದೆ. ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಮಿಸ್, ಹಂಗಾದ್ರೆ ಅದನ್ನ ತಗೊಂಡೋರಿಗೆ ಟೆಸ್ಟ್ ಮಾಡಿದ್ರೆ ಪಾಸಿಟಿವ್ ಬರಲ್ವಾ? ಮನೇಲಿ ಹೆಂಗೆ ನಂಬಸ್ತಾರೆ?"

"ಬರಬಹುದು, ಅದಕ್ಕೆ ಬೇರೆ ಪರೀಕ್ಷೆ ಇದೆ" ಎಂದೆ ಥಟ್ಟನೆ. "ಓದಿದವರು ಯಾರಾದರೂ ಮನೆಯಲ್ಲಿದ್ದರೆ ತಿಳಿಸಿ ಹೇಳ್ತಾರೆ."

ಹುಡುಗಿ ಸಮಾಧಾನವಾಗಿ ಕೂತಳು. ನಾನು ಬೋರ್ಡಿನ ಕಡೆ ತಿರುಗಿದೆ. ಮುಂದೆ ಏನು ಬರೆಯಬೇಕಿತ್ತೋ ಹೊಳೆಯಲಿಲ್ಲ. ಬೆಲ್ಲಾಗುವ ಮೊದಲೇ ಕ್ಲಾಸು ಬಿಟ್ಟೆ.

ಮೊದಲು ಹರಿಹರಕ್ಕೆ ಹೋದೆ. ಮಂಜು ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಗಿರಾಕಿ ಇಲ್ಲದಾಗ ಎಲ್ಲ ಹೇಳಿದೆ. ಮುಂದಿದ್ದ ಮೋಟರಿನಿಂದ ಕೈ ತೆಗೆಯದೆ ಕೇಳಿಸಿಕೊಂಡ. "ಆ ಡಾಕ್ಟ್ರು ಫೋನ್ ಮಾಡಿದಾಗ ಹಿಂದ ಆಕಿ ಅಳಾದು ಕೇಳ್ತಿತ್ತು ನಂಗೆ" ಎಂದ. "ನಿನ್ನ ಕೇಳಿ ಹೇಳ್ತೀನಿ ಅಂತ ಫೋನಿಟ್ಟೆ." ನನ್ನ ಮೇಲೆ ಕೈ ಮಾಡಿದ್ದರೂ ನಾನು ಸುಮ್ಮನಿರುತ್ತಿದ್ದೆ. ಅವನು ಮೋಟರನ್ನೇ ಒರೆಸುತ್ತ, "ಈಗ ಯಾಕ ಹೇಳಿದಿ? ಮನ್ಯಾಗ ಬಾಯಿ ಬಿಡಬ್ಯಾಡ. ನೀನೂ ಇನ್ನ ನಮ್ಮನಿಗೆ ಬರಬ್ಯಾಡ" ಎಂದ. ನಿನ್ನ ನಂಬರು ಅವನ ಫೋನಿನಲ್ಲಿ ಇನ್ನೂ ಇತ್ತು. ಅದನ್ನು ಕೇಳಿದಾಗ ಕೊಟ್ಟ.

ನಾನು ಫೋನು ಮಾಡಿದ್ದು ನಿನಗೆ ನೆನಪಿದೆ. ನಾನು ಹೇಳುವಷ್ಟನ್ನೂ ನೀನು ಕೇಳಿಸಿಕೊಂಡೆ. ಆಮೇಲೆ ನೀನು ಕೇಳಿದೆ: "ಮುಗೀತಾ?" ಮುಗಿಯಿತು ಎಂದೆ ನಾನು. "ನನ್ನ ರಕ್ತ ಎಂಥದ್ದು ಅಂತ ನಂಗೆ ಗೊತ್ತಿಲ್ಲಾ? ನಂಗ್ಯಾಕ ಹೇಳ್ತೀರಿ? ಸಾರಥಿಗೆ ಹೋಗಿ ನಮ್ಮಪ್ಪಗ ಹೇಳ್ರಿ. ಆಮ್ಯಾಲೆ ನಂಗೆ ಫೋನ್ ಮಾಡಬ್ಯಾಡ್ರಿ." ನೀನು ಫೋನಿಟ್ಟುಬಿಟ್ಟೆ. ನನಗೆ ಸಿಟ್ಟು ಬಂತು, ಗೊತ್ತಾ? ಸೊಕ್ಕು ಇನ್ನೂ ಇಳಿದಿಲ್ಲ ಇವಳದು ಎಂದುಕೊಂಡೆ. ಅಂಥವಳು ನಾನು.

ಸಾರಥಿಯಲ್ಲಿ ನಿನ್ನ ಅಪ್ಪ ಮನೆಯ ಕಟ್ಟೆಯ ಮೇಲೆ ಅಕ್ಕಪಕ್ಕದವರ ಜೊತೆ ಕೂತಿದ್ದರು. ನನ್ನ ಗುರುತು ಹಿಡಿದು ಎದ್ದು ನಿಂತರು — ಆಗಲೂ, ಇಷ್ಟಾದ ಮೇಲೂ, ಓದಿದವಳೆಂಬ ಮರ್ಯಾದೆ! "ಬರ್ರಿ ಮೇಡಮ್ಮಾರೇ, ಕೂಡ್ರಿ" ಎಂದರು. ನಿನ್ನ ಅತ್ತಿಗೆ ಚೆಂಬಿನಲ್ಲಿ ನೀರು ತಂದಳು. ನಾನು ಕೂರಲಿಲ್ಲ, ನೀರನ್ನೂ ಮುಟ್ಟಲಿಲ್ಲ. ನಿಂತೇ ಹೇಳಿದೆ.

"ಹಂಗಾರೆ ಪುಣೆ ಡಾಕ್ಟ್ರು ಹೇಳಿದ್ದು ಖರೇನಾ?" ಎಂದರು.

"ಖರೆ, ಮಾವಾರೇ."

"ನಿಮಗ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಮತ್ತೆ ಕಟ್ಟೆಯ ಮೇಲೆ ಕೂತು ತಮ್ಮ ಬಲಗೈಯನ್ನು ಎಡಗೈಯಿಂದ ತಿಕ್ಕತೊಡಗಿದರು. ಆಮೇಲೆ ನನ್ನನ್ನು ನೋಡದೆ ಹೇಳಿದರು: "ಹೋದೊರ್ಷ ವನಜಿ ಅವ್ವ ಸಾಯಾಕ ಬಿದ್ದಾಗ ಆಕಿ ಓಡಿ ಬಂದಿದ್ಲು. ಕಡೀಗೆ ಅವ್ವನ ಬಾಯಿಗೆ ಎಲ್ರೂ ನೀರು ಬಿಟ್ರು. ವನಜೀನೂ ಬಿಡಾಕ ಬಂದ್ಲು. ನಾನು ಕೈ ಹಿಡ್ಕಂಡೆ. ನಿನ್ನ ಕೈಲಿ ಬ್ಯಾಡವ್ವ ಅಂದೆ. ಹೊಸ್ತಿಲದಾಚೆ ನಿಂದ್ರಿಸ್ದೆ. ಅವರವ್ವ ಬಾಗಲಾ ನೋಡ್ಕಂತನ ಹೋದ್ಲು." "ಮನ್ಯಾಗ ಮಕ್ಕಳದಾವಲ್ಲ ಅಂತ ಹಂಗ ಮಾಡಿದೆ. ನೀವು ಹೇಳಿದ್ರಲ್ಲ" ಎಂದರು.

ನೀರಿನಿಂದ, ಮುಟ್ಟುವುದರಿಂದ ಆ ರೋಗ ಬರುವುದಿಲ್ಲ — ನಿಜವಾಗಿ ರೋಗವಿದ್ದರೂ ಬರುವುದಿಲ್ಲ. ಅದನ್ನೂ ನಾನು ಅಂದು ಹೇಳಿರಲಿಲ್ಲ. ಆ ಒಂದು ಮಾತನ್ನಾದರೂ ಹೇಳಬಹುದಿತ್ತು. ವನಜಾ, ಫೋನಿನಲ್ಲಿ ನೀನು ಇದನ್ನು ನನಗೆ ಹೇಳಲಿಲ್ಲ. ನಾನೇ ಹೋಗಿ ಕೇಳಿಸಿಕೊಳ್ಳಲಿ ಎಂದೇ ಕಳಿಸಿದೆಯಾ?

ನಿನ್ನ ಅಪ್ಪ ಕಟ್ಟೆಯ ಮೇಲಿದ್ದವರ ಕಡೆ ತಿರುಗಿದರು. "ಕೇಳ್ರಪಾ. ಮೇಡಮ್ಮಾರು ಇನ್ನೊಂದ್ಸರ್ತಿ ಹೇಳ್ತಾರೆ. ಜೋರಾಗಿ ಹೇಳ್ರಿ." ಹೇಳಿದೆ. ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತು ಕೇಳಿದರು. ಒಬ್ಬಾಕೆ ಥೂ ಎಂದು ಉಗಿದಳು. ನಾನು "ನನ್ನದು ತಪ್ಪಾತು, ಮಾವಾರೇ" ಎನ್ನಲು ಬಾಯಿ ತೆರೆದೆ, ಅರ್ಧಕ್ಕೇ ಅವರು ಕೈ ಎತ್ತಿ ತಡೆದರು.

"ಅನ್ನಬ್ಯಾಡ್ರಿ. ನೀವು ನಂಗೆ ತಪ್ಪಾತು ಅಂದ್ರ, ನಾನು ಆಕಿಗೆ ತಪ್ಪಾತು ಅಂದು ಮುಗಿಸ್ಬೇಕಾಕ್ಕೈತೆ. ಇದು ಮುಗ್ಯಾದಲ್ಲ. ಹೋಗ್ರಿ."

ನಿನ್ನ ಅತ್ತಿಗೆ ನನ್ನ ಮುಂದಿದ್ದ ಚೆಂಬನ್ನು ಎತ್ತಿಕೊಂಡು ಒಳಗೆ ಹೋದಳು.

ಅದಕ್ಕೇ, ವನಜಾ, ಕ್ಷಮಿಸು ಎಂದು ನಿನ್ನನ್ನೂ ಕೇಳುವುದಿಲ್ಲ. ಫೋನು ಬೇಡವೆಂದು ನೀನು ಅಂದೆ, ಮಾಡುವುದಿಲ್ಲ. ಬರೆದು ಅಚ್ಚಿಗೆ ಕೊಡುತ್ತಿದ್ದೇನೆ, ನಾನು ಪಾಠ ಹೇಳಿದ ಮಕ್ಕಳು, ನನ್ನ ಕಾಲೇಜಿನವರು, ಆ ಪ್ರಶ್ನೆ ಕೇಳಿದ ಹುಡುಗಿ ಓದಲಿ. ನನ್ನ ಮಾತಿಗೆ ಬೆಲೆ ಕೊಟ್ಟವರ ಮನೆಗಳು ಇನ್ನೂ ಇವೆ. ಕುಕ್ಕುವಾಡದ ಚಿಕ್ಕಮ್ಮ ನಿನ್ನ ಹೆಸರು ಬಂದರೆ ಇಂದಿಗೂ ಮಕ್ಕಳನ್ನು ಆಚೆ ಕಳಿಸಿ ಮಾತಾಡುತ್ತಾಳೆ. ಬರುವ ಭಾನುವಾರ ಅಲ್ಲಿಗೆ ಹೋಗುತ್ತೇನೆ. ಮಕ್ಕಳೆಲ್ಲ ಒಳಗಿರುವಾಗಲೇ ಹೇಳುತ್ತೇನೆ.